ಆಫೀಸಿನ ರಾಜ್ಯೋತ್ಸವ: ಸಿಲಬಸ್‌ನಲ್ಲಿ ಇಲ್ಲದ ಪಾಠ



ಕಳೆದ ವರ್ಷ ನಮ್ಮ ಸಂಘದ ನಾಲ್ವರು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದೆವು. ಕೋಡ್ ಬರೆಯೋ ಕೆಲಸ ಇನ್ನೂ ಸರಿಯಾಗಿ ಸಿಕ್ಕಿರಲಿಲ್ಲ, ಅಷ್ಟರಲ್ಲಿ ಇನ್ನೊಂದು ಕೆಲಸ ಸಿಕ್ಕಿತು. "ಕಾಲೇಜಲ್ಲಿ ಕನ್ನಡ ಸಂಘದವರಂತೆ ನೀವು? ಹಾಗಾದ್ರೆ ಈ ಸಲ ರಾಜ್ಯೋತ್ಸವ ನೀವೇ ಮಾಡಿಬಿಡಿ" ಅಂದರು ಮ್ಯಾನೇಜರ್. ನವೆಂಬರ್ 1 ರಜೆ ಇರೋದರಿಂದ ಆಫೀಸುಗಳಲ್ಲಿ ಹಬ್ಬ ನಡೆಯೋದು ಆಮೇಲಿನ ಯಾವುದಾದರೂ ಶುಕ್ರವಾರ. ನಮ್ಮ ಕೈಲಿದ್ದದ್ದು ಮೂರು ವಾರ, ಅಂದರೆ 15 ಕೆಲಸದ ದಿನ.

ಇದೇನು ಮಹಾ, ಕಾಲೇಜಲ್ಲಿ ಮಾಡಿಲ್ವಾ ಅಂದುಕೊಂಡೆವು. ಆದರೆ ಕಾಲೇಜಲ್ಲಿ ನಮ್ಮ ಹಿಂದೆ ಮೇಷ್ಟ್ರು ಇರುತ್ತಿದ್ದರು, ಆಫೀಸ್ ಸಿಬ್ಬಂದಿ ಇರುತ್ತಿದ್ದರು, ಎಲೆಕ್ಟ್ರಿಷಿಯನ್ ಅಣ್ಣ ಇರುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ವೇದಿಕೆ ಮಾತ್ರ. ನಿಮ್ಮಲ್ಲಿ ಅನೇಕರಿಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಇಂಥ ಜವಾಬ್ದಾರಿ ಬರುತ್ತೆ. ಯಾರೂ ತರಬೇತಿ ಕೊಡಲ್ಲ. ಅದಕ್ಕೇ ನಾವು ಎಲ್ಲಿ ಎಡವಿದೆವು ಅಂತ ಲೆಕ್ಕದ ಸಮೇತ ಇಲ್ಲಿ ಬರೆದಿಟ್ಟಿದ್ದೇವೆ.

1. ಇಷ್ಟದ ಕೆಲಸ ಬೇರೆ, ತುರ್ತಿನ ಕೆಲಸ ಬೇರೆ

ಮೊದಲ ವಾರ ಪೂರ್ತಿ ನಾಟಕದ ಸ್ಕ್ರಿಪ್ಟ್ ಬರೆದೆವು. ಜೋಕು ಚೆನ್ನಾಗಿ ಕೂತಿತ್ತು, ಖುಷಿಯಾಗಿದ್ದೆವು. ಡೊಳ್ಳು ಕುಣಿತದ ತಂಡವನ್ನು ಫೋನಲ್ಲೇ ಒಪ್ಪಿಸಿಯೂ ಆಗಿತ್ತು. ಆರನೇ ದಿನ ಹಣಕಾಸು ವಿಭಾಗಕ್ಕೆ ಹೋಗಿ ಕೇಳಿದಾಗ ಗೊತ್ತಾಯ್ತು: ಹೊರಗಿನ ಯಾರಿಗೇ ದುಡ್ಡು ಕೊಡಬೇಕಾದರೂ ಮೊದಲು ಅವರ ಹೆಸರು ವೆಂಡರ್ ಅಂತ ನೋಂದಣಿ ಆಗಬೇಕು. ಅದಕ್ಕೆ 8 ದಿನ. ಆಮೇಲೆ ಪರ್ಚೇಸ್ ಆರ್ಡರ್, 4 ದಿನ. ಅದನ್ನು ತೋರಿಸಿ ಗೇಟ್ ಪಾಸ್, 2 ದಿನ. ಒಟ್ಟು 14 ದಿನ, ಒಂದಾದ ಮೇಲೆ ಒಂದು.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಓದಿದ ಕ್ರಿಟಿಕಲ್ ಪಾತ್ ನೆನಪಿದೆಯಲ್ಲ? 1950ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯವರು ಕಾರ್ಖಾನೆ ಕೆಲಸಕ್ಕೆಂದು ರೂಪಿಸಿದ ವಿಧಾನ ಅದು. ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ತಂದದ್ದೂ ಅದೇ ಕಾಲದಲ್ಲಿ, 1958ರಲ್ಲಿ. ಪರೀಕ್ಷೆಯಲ್ಲಿ ಅದಕ್ಕೆ ಹತ್ತು ಅಂಕ ತಗೊಂಡವರೇ ನಾವು. ಆದರೂ ನಮ್ಮ 15 ದಿನಕ್ಕೆ ಅದನ್ನು ಹಚ್ಚಿ ನೋಡಲಿಲ್ಲ.

ಈಗ ನೋಡಿ. ನಾಟಕಕ್ಕೆ ಬೇಕಿದ್ದದ್ದು 6 ದಿನ, ಹಾಗಾಗಿ ಅದಕ್ಕೆ 9 ದಿನ ಬಿಡುವಿತ್ತು. ಕಾಗದಪತ್ರಕ್ಕೆ ಬೇಕಿದ್ದದ್ದು 14 ದಿನ, ಬಿಡುವು ಬರೀ ಒಂದು ದಿನ. ಆರನೇ ದಿನ ಶುರು ಮಾಡಿದರೆ ಅದು ಮುಗಿಯೋದು 19ನೇ ದಿನ. ಕಾರ್ಯಕ್ರಮ 15ನೇ ದಿನ! ಪರಿಣಾಮ: ಡೊಳ್ಳಿನ ತಂಡದವರು ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು, ಪಾಸ್ ಇಲ್ಲದೆ 40 ನಿಮಿಷ ಗೇಟಿನ ಹೊರಗೆ ಡೊಳ್ಳು ಹೆಗಲಿಗೆ ಹಾಕಿಕೊಂಡು ನಿಂತರು. ಸಂಜೆ ಅವರಿಗೆ ಕೊಡಬೇಕಾದ ದುಡ್ಡನ್ನು ನಮ್ಮ ಸ್ಟೈಪೆಂಡಿನಿಂದ ಅಷ್ಟು, ಮ್ಯಾನೇಜರ್ ಕೈಯಿಂದ ಇಷ್ಟು ಅಂತ ಹೊಂದಿಸಿದೆವು.

ಪಾಠ: ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಎಣಿಸಿ. ಬಿಡುವು ಯಾವುದಕ್ಕೆ ಕಮ್ಮಿಯೋ ಅದನ್ನು ಮೊದಲು ಹಿಡಿಯಿರಿ, ಅದೆಷ್ಟೇ ಬೋರ್ ಆಗಿದ್ದರೂ ಸರಿ.

2. ಕರೆಂಟಿನ ಲೆಕ್ಕ

ವೇದಿಕೆ ಹಾಕಿದ್ದು ಕ್ಯಾಂಟೀನಿನ ಒಂದು ತುದಿಗೆ. ಹಿಂದಿನ ದಿನ ಮೈಕು, ಲೈಟು ಎಲ್ಲ ಹಾಕಿ ನೋಡಿದ್ದೆವು, ಏನೂ ತೊಂದರೆ ಇರಲಿಲ್ಲ. ಮಾರನೇ ದಿನ ಅಡುಗೆಯವರು ಬಂದು ಊಟ ಬಿಸಿಯಾಗಿಡುವ ಎರಡು ವಾರ್ಮರ್‌ಗಳನ್ನು ವೇದಿಕೆ ಹಿಂದಿನ ಪ್ಲಗ್‌ಗೇ ಚುಚ್ಚಿದರು. ನಾವು ನೋಡಿಯೂ ಸುಮ್ಮನಿದ್ದೆವು.

ಲೆಕ್ಕ ಸುಲಭ. ಆ ಸಾಲಿಗೆ ಇದ್ದದ್ದು 16 ಆಂಪಿಯರ್ ಎಂಸಿಬಿ. 230 ವೋಲ್ಟ್‌ಗೆ ಗುಣಿಸಿದರೆ 3680 ವ್ಯಾಟ್. ಸೌಂಡ್ ಸಿಸ್ಟಮ್ 1000, ಲೈಟುಗಳು 1000, ವಾರ್ಮರ್ ಒಂದೊಂದು 1500. ಕೂಡಿದರೆ 5000 ವ್ಯಾಟ್, ಸುಮಾರು 22 ಆಂಪಿಯರ್. ಇಷ್ಟಾದರೂ ಎಂಸಿಬಿ ಕೂಡಲೇ ಬೀಳಲಿಲ್ಲ. ಯಾಕಂದರೆ ಶಾರ್ಟ್ ಸರ್ಕ್ಯೂಟ್ ಆದರೆ ಅದು ತಕ್ಷಣ ಬೀಳುತ್ತೆ, ಆದರೆ ಇಷ್ಟು ಪ್ರಮಾಣದ ಓವರ್‌ಲೋಡ್ ಇದ್ದಾಗ ಒಳಗಿನ ಬೈಮೆಟಲ್ ಪಟ್ಟಿ ನಿಧಾನಕ್ಕೆ ಬಿಸಿಯಾಗಿ ಬಾಗಬೇಕು. ಅದಕ್ಕೆ ಹಲವು ನಿಮಿಷ ಬೇಕು. "ಐದು ನಿಮಿಷ ಹಾಕಿ ನೋಡಿದ್ವಿ, ಏನೂ ಆಗಲಿಲ್ಲ" ಅನ್ನೋ ಮಾತಿಗೆ ಇಲ್ಲಿ ಬೆಲೆಯಿಲ್ಲ.

ನಮ್ಮ ಪಟ್ಟಿ ಬಾಗಿದ್ದು ನಾಡಗೀತೆಯ ನಡುವೆ. ನಾಡಗೀತೆಗೆ ಸರ್ಕಾರ ನಿಗದಿ ಮಾಡಿರುವ ಅವಧಿ 2 ನಿಮಿಷ 30 ಸೆಕೆಂಡು. ಒಂದು ನಿಮಿಷ ಆಗಿರಬೇಕು, ಟ್ರ್ಯಾಕ್ ನಿಂತಿತು. ಎದ್ದು ನಿಂತಿದ್ದ ಇನ್ನೂರು ಚಿಲ್ಲರೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಂಘದವರು ಅಂತ ಹೆಸರು ಹೊತ್ತ ನಮಗೂ ಗಾಬರಿಯಲ್ಲಿ ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಆದರೆ ಹಾಡು ನಿಲ್ಲಲಿಲ್ಲ. ಬಾಗಿಲ ಬಳಿ ನಿಂತಿದ್ದ ಸೆಕ್ಯೂರಿಟಿ ಅಣ್ಣಂದಿರು, ಕೈಯಲ್ಲಿ ಮಾಪ್ ಹಿಡಿದಿದ್ದ ಹೌಸ್‌ಕೀಪಿಂಗ್ ಅಕ್ಕಂದಿರು ಹಾಡ್ತಾನೇ ಇದ್ದರು. ಅವರ ದನಿ ಹಿಡಿದು ಉಳಿದವರೂ ಮುಗಿಸಿದರು.

ಹಾಡು ಮುಗಿದ ಮೇಲೆ ಅವರಲ್ಲೊಬ್ಬ ಅಣ್ಣ ಹೋಗಿ, ಮೊದಲು ವಾರ್ಮರ್ ಕಿತ್ತು ಬೇರೆ ಸಾಲಿಗೆ ಹಾಕಿ, ಆಮೇಲೆ ಎಂಸಿಬಿ ಎತ್ತಿದರು. "ಹೋದ ವರ್ಷ ದೀಪಾವಳಿಗೂ ಹಿಂಗೇ ಆಗಿತ್ತು ಸಾರ್. ಕೇಳಿದ್ರೆ ಹೇಳ್ತಿದ್ದೆ" ಅಂದರು. ನಾವು ಕೇಳಿರಲಿಲ್ಲ.

3. ಊಟದ ಸಾಲು

ಊಟಕ್ಕೆ ಬರ್ತೀವಿ ಅಂದವರು 240 ಜನ. ಒಂದೇ ಕೌಂಟರ್ ಇಟ್ಟಿದ್ದೆವು. ಕೋಸಂಬರಿ, ಪಲ್ಯ, ಬಿಸಿಬೇಳೆಬಾತ್ ಎಲ್ಲ ಬೇಗ ಬೇಗ ಬಡಿಸಿದರೂ ಹೋಳಿಗೆಗೆ ತುಪ್ಪ ಹಾಕುವವರ ಹತ್ತಿರ ಒಬ್ಬೊಬ್ಬರಿಗೂ 20 ಸೆಕೆಂಡು. ಕಂಪ್ಯೂಟರ್ ಸೈನ್ಸ್‌ನವರಿಗೆ ಇದು ಗೊತ್ತಿರೋದೇ: ಪೈಪ್‌ಲೈನ್‌ನ ವೇಗ ಅಂದರೆ ಅದರ ಅತಿ ನಿಧಾನದ ಹಂತದ ವೇಗ. 240 × 20 = 4800 ಸೆಕೆಂಡು, ಅಂದರೆ 80 ನಿಮಿಷ. ಊಟದ ವಿರಾಮ ಇದ್ದದ್ದು 60 ನಿಮಿಷ.

ಸಾಲು ಲಿಫ್ಟ್ ತನಕ ಬೆಳೆದಾಗ ದಾರಿ ತೋರಿಸಿದ್ದು ಒಬ್ಬ ಹೌಸ್‌ಕೀಪಿಂಗ್ ಅಕ್ಕ. "ಟೇಬಲ್ ಗೋಡೆಗೆ ಯಾಕಪ್ಪ ಅಂಟಿಸಿದೀರ? ಈಚೆ ಎಳೀರಿ, ಎರಡೂ ಕಡೆ ಬಡಿಸಲಿ. ಹೋಳಿಗೆ ಆ ಮೂಲೇಲಿ ಬೇರೆ ಇಡಿ" ಅಂದರು. ಎಳೆದೆವು. ಒಂದು ಸಾಲು ಎರಡಾಯಿತು, ಹೋಳಿಗೆಗೆ ಇಬ್ಬರು ನಿಂತರು, ಗಂಟು ಬಿಚ್ಚಿಕೊಂಡಿತು.

4. ನಮ್ಮ ದೊಡ್ಡ ತಪ್ಪು

ಮೇಲಿನ ಮೂರೂ ತಪ್ಪುಗಳನ್ನು ಲೆಕ್ಕ ಹಾಕಿ ತಿದ್ದಬಹುದು. ನಾಲ್ಕನೆಯದು ಹಾಗಲ್ಲ.

ನಾವು ಆಹ್ವಾನ ಕಳಿಸಿದ್ದು ಕಂಪನಿಯ ಈಮೇಲ್ ಪಟ್ಟಿಗೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕ್ಯಾಬ್ ಚಾಲಕರು ಗುತ್ತಿಗೆ ಏಜೆನ್ಸಿಯ ಕಡೆಯವರು. ಅವರಿಗೆ ಕಂಪನಿ ಈಮೇಲ್ ಇಲ್ಲ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅವರೇ ಇರಲಿಲ್ಲ. ಊಟ ಹೇಳಿದ್ದು 250 ಜನಕ್ಕೆ. ಎಲ್ಲರದ್ದೂ ಆದ ಮೇಲೆ ಅವರನ್ನು ಕರೆದಾಗ ಉಳಿದದ್ದು ಅನ್ನ, ಸಾರು. ಹೋಳಿಗೆ ಖಾಲಿ. ಅದೇ ಅಕ್ಕನ ಮುಂದೆ ನಾವು ಕ್ಷಮಿಸಿ ಅಕ್ಕ ಅಂತ ನಿಂತಾಗ ಅವರು ಅಂದದ್ದು, "ಬಿಡಪ್ಪ, ನಮಗೆ ಅಭ್ಯಾಸ."

ಬೈದಿದ್ದರೆ ಸಮಾಧಾನ ಆಗ್ತಿತ್ತು. ಕನ್ನಡದ ಹಬ್ಬದ ದಿನ, ನಾಡಗೀತೆ ನಿಲ್ಲದಂತೆ ನೋಡಿಕೊಂಡವರಿಗೇ ನಮ್ಮ ಪಂಕ್ತಿಯಲ್ಲಿ ಜಾಗ ಇರಲಿಲ್ಲ. ಕರೆಂಟು ಎಲ್ಲಿ ಕೈ ಕೊಡುತ್ತೆ, ಸಾಲು ಎಲ್ಲಿ ಗಂಟಾಗುತ್ತೆ, ಗೇಟಲ್ಲಿ ಯಾವ ಕಾಗದ ಬೇಕು ಅನ್ನೋದೆಲ್ಲ ಅವರಿಗೆ ಗೊತ್ತಿತ್ತು. ಮೂರು ವಾರ ಅವರ ಪಕ್ಕದಲ್ಲೇ ಓಡಾಡಿಕೊಂಡು "ನಮಗೆ ಹೇಳಿಕೊಡೋರು ಯಾರೂ ಇಲ್ಲ" ಅಂತ ಗೊಣಗಿದವರು ನಾವು.

5. ನೀವು ಮಾಡುವಾಗ

ಜವಾಬ್ದಾರಿ ಬಂದ ಮೊದಲ ದಿನವೇ ಈ ಐದನ್ನು ಕೇಳಿಕೊಳ್ಳಿ.

ಒಂದು: ಹೊರಗಿನವರಿಗೆ ದುಡ್ಡು ಯಾವ ದಾರಿಯಲ್ಲಿ, ಎಷ್ಟು ದಿನಕ್ಕೆ ಹೋಗುತ್ತೆ? ಕಲಾವಿದರಿಗೆ ಅಂದೇ ಕೊಡಲು ಏನು ವ್ಯವಸ್ಥೆ?

ಎರಡು: ಯಾವ ಪ್ಲಗ್ ಯಾವ ಎಂಸಿಬಿಗೆ ಸೇರಿದ್ದು? ಎಲ್ಲ ಉಪಕರಣ ಒಟ್ಟಿಗೆ ಹಾಕಿ ಅರ್ಧ ಗಂಟೆಯಾದರೂ ನೋಡಿದ್ದೀವಾ?

ಮೂರು: ಊಟದ ಸಾಲಿನಲ್ಲಿ ಅತಿ ನಿಧಾನದ ಜಾಗ ಯಾವುದು? ಅಲ್ಲಿ ಎಷ್ಟು ಜನ ಬಡಿಸ್ತಾರೆ?

ನಾಲ್ಕು: ಹೋದ ಸಲ ಇದನ್ನು ಕಣ್ಣಾರೆ ನೋಡಿದವರು ಯಾರು? ಅವರನ್ನು ಕರೆದು ಹತ್ತು ನಿಮಿಷ ಕೂತು ಮಾತಾಡಿದ್ದೀವಾ?

ಐದು: ಈ ಕಟ್ಟಡದಲ್ಲಿ ದಿನಾ ದುಡಿಯೋರಲ್ಲಿ ನಮ್ಮ ಪಟ್ಟಿಗೆ ಬರದವರು ಯಾರು?

ಇಂಟರ್ನ್‌ಶಿಪ್ ಮುಗಿಯೋ ಮುಂಚೆ ನಾವು ಇದನ್ನೇ ಎರಡು ಪುಟ ಮಾಡಿ ಮ್ಯಾನೇಜರ್ ಕೈಗೆ ಕೊಟ್ಟು ಬಂದೆವು. ಕಾಲೇಜಿಗೆ ವಾಪಸ್ ಬಂದ ಮೇಲೆ ಸಂಘದ ಮೊದಲ ಮೀಟಿಂಗ್‌ನಲ್ಲಿ ಐದನೇ ಪ್ರಶ್ನೆ ಕೇಳಿದೆವು. ಹಾಸ್ಟೆಲ್ ಮೆಸ್ಸಿನವರು, ಗೇಟಿನ ಅಣ್ಣಂದಿರು, ಲ್ಯಾಬ್ ಅಟೆಂಡರ್‌ಗಳು, ಗುಡಿಸುವ ಅಮ್ಮಂದಿರು... ಬರೆಯುತ್ತಾ ಹೋದರೆ 46 ಹೆಸರಾಯಿತು. ಇಷ್ಟು ವರ್ಷ ಸಂಘದ ಒಂದು ಆಹ್ವಾನ ಪತ್ರಿಕೆಯೂ ಅವರ ಕೈ ಸೇರಿರಲಿಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ಪತ್ರಿಕೆ ಹಂಚೋ ಕೆಲಸ ಶುರುವಾಗಿದೆ. ಆ 46 ಜನಕ್ಕೆ ನಾವೇ ಕೈಯಾರೆ ಕೊಟ್ಟು ಬರ್ತಿದ್ದೇವೆ. ಜೊತೆಗೆ ಬರೋರಿದ್ದರೆ ಬನ್ನಿ.