ವೆಲ್ಡಿಂಗ್ ಕಡ್ಡಿಯ ಆಯ್ಕೆ: ದರವೊಂದೇ ಮಾನದಂಡವಲ್ಲ

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣಗಳ ವೆಲ್ಡಿಂಗ್ ಘಟಕಗಳಲ್ಲಿ ಕಿಟಕಿ ಗ್ರಿಲ್, ಗೇಟು, ಟ್ರಾಕ್ಟರ್ ಟ್ರೇಲರ್, ನೇಗಿಲಿನ ದುರಸ್ತಿ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತವೆ. ಆದರೆ ಖರೀದಿ ಬಿಲ್ಲುಗಳಲ್ಲಿ ಬಹುಮಟ್ಟಿಗೆ ಕಾಣುವುದು ‘ವೆಲ್ಡಿಂಗ್ ರಾಡ್’ ಎಂಬ ಒಂದೇ ನಮೂದು. ಹಿಂದೊಮ್ಮೆ ನಾನು ಲೆಕ್ಕಪರಿಶೋಧನೆ ನಡೆಸುತ್ತಿದ್ದ ಘಟಕವೊಂದರ ಟ್ರೇಲರಿನ ಕೊಂಡಿಯ ಬೆಸುಗೆ ಬಿರುಕು ಬಿಟ್ಟಿತು. ಗ್ರಿಲ್‌ಗೆ ಬಳಸುವ ಕಡ್ಡಿಯನ್ನೇ ಅಲ್ಲಿಯೂ ಬಳಸಲಾಗಿತ್ತು. ಪ್ರಾಣಹಾನಿಯಾಗಲಿಲ್ಲವೆಂಬುದೇ ಸಮಾಧಾನ. ದುರಸ್ತಿ ಹಾಗೂ ಸಾಗಾಣಿಕೆಯ ವೆಚ್ಚವು ಅಗ್ಗದ ಕಡ್ಡಿಯಿಂದಾದ ಹಲವು ತಿಂಗಳ ಉಳಿತಾಯವನ್ನು ನುಂಗಿಹಾಕಿತು.

ಸಂಖ್ಯೆಯ ಅರ್ಥ

ಭಾರತೀಯ ಮಾನಕ ಐಎಸ್ 814ಕ್ಕೆ ತನ್ನದೇ ಸಂಕೇತಗಳಿದ್ದರೂ ಮಾರುಕಟ್ಟೆಯಲ್ಲಿ ಅಮೆರಿಕದ ಸಂಖ್ಯೆಗಳೇ ರೂಢಿಯಲ್ಲಿವೆ. ಮೊದಲೆರಡು ಅಂಕಿಗಳು ಬೆಸುಗೆಯ ಕನಿಷ್ಠ ಕರ್ಷಣ ಬಲವನ್ನು ಸೂಚಿಸುತ್ತವೆ: 60 ಎಂದರೆ ಸುಮಾರು 415, 70 ಎಂದರೆ ಸುಮಾರು 485 ಮೆಗಾಪಾಸ್ಕಲ್. ಮೂರನೆಯ ಅಂಕಿ 1 ಆಗಿದ್ದರೆ ಸಾಮಾನ್ಯವಾಗಿ ಎಲ್ಲ ಭಂಗಿಗಳಲ್ಲಿಯೂ, 2 ಆಗಿದ್ದರೆ ಸಮತಲ ಮತ್ತು ಅಡ್ಡ ಬೆಸುಗೆಗೆ ಮಾತ್ರ ಬಳಸಬಹುದು. ಕೊನೆಯ ಎರಡು ಅಂಕಿಗಳನ್ನು ಕೂಡಿಸಿ ಓದಿದರೆ ಲೇಪನದ ಬಗೆ ತಿಳಿಯುತ್ತದೆ.

ಯಾವ ಕೆಲಸಕ್ಕೆ ಯಾವ ಕಡ್ಡಿ?

1. ಇ 6013: ಕಿಡಿ ಸುಲಭವಾಗಿ ಹತ್ತುತ್ತದೆ, ಸ್ಲ್ಯಾಗ್ ಸಲೀಸಾಗಿ ಬಿಡುತ್ತದೆ, ಸಣ್ಣ ಟ್ರಾನ್ಸ್‌ಫಾರ್ಮರ್ ಸಾಕು. ಗ್ರಿಲ್, ಗೇಟು, ತೆಳು ತಗಡಿಗೆ ಉತ್ತಮ. ಬೆಸುಗೆ ಆಳಕ್ಕೆ ಇಳಿಯದು.

2. ಇ 7018: ಹೈಡ್ರೋಜನ್ ಅಂಶ ಕಡಿಮೆಯಿರುವುದರಿಂದ ಬಿರುಕಿನ ಸಂಭವ ಕಡಿಮೆ. ದಪ್ಪ ಉಕ್ಕು, ಭಾರ ಮತ್ತು ಕುಲುಕಾಟ ತಾಳಬೇಕಾದ ಕೊಂಡಿ, ಚಾಸಿಗಳಿಗೆ ಇದೇ ಸೂಕ್ತ. ಸಣ್ಣ ಎಸಿ ಯಂತ್ರಗಳಲ್ಲಿ ಇದರ ಆರ್ಕ್ ಸ್ಥಿರವಾಗಿ ನಿಲ್ಲದಿರಬಹುದು. ಡಿಸಿ ಯಂತ್ರದಲ್ಲಿ ಕಡ್ಡಿಯನ್ನು ಧನ ತುದಿಗೆ ಜೋಡಿಸಬೇಕು.

3. ಇ 6011: ಆಳಕ್ಕೆ ಇಳಿಯುವುದರಿಂದ ತುಕ್ಕು, ಬಣ್ಣವನ್ನು ಪೂರ್ತಿ ತೆಗೆಯಲಾಗದ ದುರಸ್ತಿಗೆ ಹಾಗೂ ಪೈಪಿಗೆ ಉಪಯುಕ್ತ. ಸಿಡಿತ ಹೆಚ್ಚು.

4. ಇ 7024: ಮಟ್ಟಸವಾಗಿಟ್ಟ ಉದ್ದನೆಯ ಬೆಸುಗೆ ಬೇಗ ಮುಗಿಯುತ್ತದೆ. ನೆಟ್ಟಗಿನ ಕೆಲಸಕ್ಕೆ ಸಲ್ಲದು.

ತೋಟದ ಪಂಪಿನ ಎರಕದ ಕಬ್ಬಿಣದ ಕವಚ ಒಡೆದರೆ ನಿಕಲ್ ಕಡ್ಡಿ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ 308ಎಲ್, ಸ್ಟೇನ್‌ಲೆಸ್ಸನ್ನು ಸಾಮಾನ್ಯ ಉಕ್ಕಿಗೆ ಬೆಸೆಯಲು 309ಎಲ್ ಬೇಕು.

ದಾಸ್ತಾನು

ಮುಂಗಾರಿನಲ್ಲಿ 7018ರ ಪೊಟ್ಟಣವನ್ನು ತೆರೆದಿಟ್ಟರೆ ಲೇಪನವು ತೇವ ಹೀರಿ, ಕಡ್ಡಿಗೆ ತೆತ್ತ ಹೆಚ್ಚಿನ ಬೆಲೆ ವ್ಯರ್ಥವಾಗುತ್ತದೆ. ಅದನ್ನು ತಯಾರಕರ ಸೂಚನೆಯಂತೆ, ಸಾಮಾನ್ಯವಾಗಿ 250ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಲೆಯಲ್ಲಿ ಒಣಗಿಸಿ ಬಿಸಿಯಾಗಿಯೇ ಇಡಬೇಕು. 6011ಕ್ಕೆ ಈ ಉಪಚಾರ ಸಲ್ಲದು. ಅದರ ಲೇಪನದಲ್ಲಿ ಒಂದಿಷ್ಟು ತೇವವಿದ್ದರೇ ಆರ್ಕ್ ಸರಿಯಾಗಿ ನಡೆಯುತ್ತದೆ.

ಲೆಕ್ಕದ ಮಾತು

350 ಮಿಲಿಮೀಟರ್ ಕಡ್ಡಿಯಲ್ಲಿ 50 ಮಿಲಿಮೀಟರ್ ತುಂಡು ಬಿಸಾಡಿದರೆ ಶೇ. 14ರಷ್ಟು ನಷ್ಟ, 100 ಮಿಲಿಮೀಟರ್ ಬಿಸಾಡಿದರೆ ಶೇ. 28ಕ್ಕೂ ಹೆಚ್ಚು. ಆದ್ದರಿಂದ ಉಳಿತಾಯವನ್ನು ಹುಡುಕಬೇಕಾದದ್ದು ಬಿಸಾಡುವ ತುಂಡಿನಲ್ಲಿ, ಕಡ್ಡಿಯ ದರ್ಜೆಯಲ್ಲಿ ಅಲ್ಲ. ಬಿಲ್ಲಿನಲ್ಲಿ ದರ್ಜೆ, ಅಳತೆ ಮತ್ತು ಬ್ಯಾಚ್ ಸಂಖ್ಯೆಯನ್ನು ಬರೆಸಿಕೊಳ್ಳಿ. ದಾಸ್ತಾನು ಪುಸ್ತಕದಲ್ಲಿ ಪ್ರತಿ ದರ್ಜೆಗೂ ಪ್ರತ್ಯೇಕ ಪುಟವಿರಲಿ. ಭಾರ ಹೊರುವ ಕೆಲಸಗಳಿಗೆ ಯಾವ ಕಡ್ಡಿ ಬಳಸಲಾಯಿತೆಂಬುದನ್ನು ಜಾಬ್ ಕಾರ್ಡಿನಲ್ಲಿ ದಾಖಲಿಸಿ. ನಾಳೆ ಗ್ರಾಹಕರು ಪ್ರಶ್ನಿಸಿದಾಗ ಉದ್ಯಮಿಗೆ ಆಸರೆಯಾಗುವುದು ಈ ದಾಖಲೆಯೇ.