ತೆಗೆಸಿಬಿಡಿ ಅಂದರೆ ತೆಗೆಸಿಬಿಡುವುದೇ?

ಮಗಳೇ,

ನೀನು ಬರೆದದ್ದೆಲ್ಲ ಓದಿಯಾಯಿತು. ವಯಸ್ಸು 44. ಒಂದು ತಿಂಗಳು ಇಪ್ಪತ್ತೇ ದಿನಕ್ಕೆ ಮುಟ್ಟು, ಆಮೇಲೆ ಎರಡು ತಿಂಗಳಾದರೂ ಸುದ್ದಿಯಿಲ್ಲ. ಬಂದರೆ ಎಂಟು ದಿನ ಬಿಡದೆ ಹೋಗುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಡಾಕ್ಟರು ಸ್ಕ್ಯಾನ್ ನೋಡಿ, ‘ಹೇಗೂ ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ರಗಳೆಯೇ ಇರಲ್ಲ’ ಅಂದರು. ಮನೆಗೆ ಬಂದರೆ ಅತ್ತೆ, ‘ನಾವೆಲ್ಲ ತಡ್ಕೊಳ್ಳಲಿಲ್ವಾ’ ಅಂದರು. ಈ ವಯಸ್ಸಿನ ಹೆಂಗಸರಿಗೆ ನಮ್ಮ ಕಡೆ ಹೆಚ್ಚಾಗಿ ಸಿಗುವುದು ಈ ಎರಡೇ ಸಲಹೆ: ತೆಗೆಸು, ಇಲ್ಲವೇ ಸಹಿಸು. ಇವೆರಡರ ನಡುವೆ ಮಾಡಬಹುದಾದದ್ದು ಬೇಕಾದಷ್ಟಿದೆ. ಅದನ್ನು ನಿನ್ನ ಓರಗೆಯವರೂ ಓದಲಿ ಎಂದೇ ಈ ಉತ್ತರವನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಳಗೆ ನಡೆಯುತ್ತಿರುವುದು ಏನೆಂದು ತಿಳಿದುಕೋ. ಮುಟ್ಟು ನಲ್ಲಿ ತಿರುಗಿಸಿದಂತೆ ಒಂದೇ ದಿನ ನಿಲ್ಲುವುದಿಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರ್ನಾಲ್ಕು ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುದು ನಾನೂರೋ ಐನೂರೋ. ಉಳಿದವು ತಮ್ಮಷ್ಟಕ್ಕೆ ಕರಗಿಹೋಗುತ್ತವೆ. ನಲವತ್ತರ ಆಚೆ ಈ ದಾಸ್ತಾನು ಮುಗಿಯುತ್ತ ಬಂದಾಗ ಕೆಲವು ತಿಂಗಳು ಅಂಡಾಣು ಬಿಡುಗಡೆಯೇ ಆಗುವುದಿಲ್ಲ. ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಇಲ್ಲ. ಅದಿಲ್ಲದೆ ಇನ್ನೊಂದು ಹಾರ್ಮೋನ್ ಈಸ್ಟ್ರೊಜನ್ ಮಾತ್ರ ಕೆಲಸ ಮಾಡುತ್ತ ಹೋದರೆ ಗರ್ಭಕೋಶದ ಒಳಪದರ ದಪ್ಪಗೆ ಬೆಳೆದು, ತಡವಾಗಿ, ಒಮ್ಮೆಲೇ ಕಳಚಿಕೊಳ್ಳುತ್ತದೆ. ನಿನ್ನ ಎಂಟು ದಿನದ ರಕ್ತಸ್ರಾವಕ್ಕೆ ಇದೇ ಕಾರಣವಿರಬಹುದು. ಹಾಗಿದ್ದರೆ ಗರ್ಭಕೋಶ ಕೆಟ್ಟಿದೆ ಎಂದೇನೂ ಅಲ್ಲ, ಅದಕ್ಕೆ ಬರಬೇಕಾದ ಆಜ್ಞೆ ಸರಿಯಾಗಿ ಬರುತ್ತಿಲ್ಲ ಅಷ್ಟೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ ಆಗ ಹಿಂದೆ ತಿರುಗಿ ನೋಡಿ ‘ನಿಂತಿತು’ ಎನ್ನಬೇಕು, ಅದಕ್ಕೂ ಮೊದಲಲ್ಲ. ಪಶ್ಚಿಮದ ದೇಶಗಳಲ್ಲಿ ಇದು ಸರಾಸರಿ 51ಕ್ಕೆ, ಭಾರತದಲ್ಲಿ 46-47ಕ್ಕೆ. ಅದಕ್ಕೆ ಮುಂಚಿನ ಏರುಪೇರಿನ ಕಾಲ ಸುಮಾರು ನಾಲ್ಕು ವರ್ಷ, ಕೆಲವರಿಗೆ ಇನ್ನೂ ದೀರ್ಘ. ಆದ್ದರಿಂದ 44ರಲ್ಲಿ ನೀನು ಅನುಭವಿಸುತ್ತಿರುವುದು ಅಕಾಲದ್ದೇನಲ್ಲ. ನಲವತ್ತಕ್ಕೂ ಮೊದಲೇ ನಿಂತರೆ ಮಾತ್ರ ಅದನ್ನು ಬೇರೆಯಾಗಿಯೇ ನೋಡಬೇಕು, ಚಿಕಿತ್ಸೆಯೂ ಬೇಕು.

ಇನ್ನು ರಾತ್ರಿ ನಿದ್ದೆ ಕೆಡಿಸುವ ಝಳ (ಹಾಟ್ ಫ್ಲಶ್). ಎದೆಯಿಂದ ಶುರುವಾಗಿ ಕುತ್ತಿಗೆಗೆ, ಕೆನ್ನೆಗೆ, ಕಿವಿಗೆ ಏರುತ್ತದೆ. ಒಂದೆರಡು ನಿಮಿಷ ಒಲೆಯ ಮುಂದೆ ಕುಳಿತಂತಾಗಿ, ಬೆವರೊಡೆದು, ರವಿಕೆ ಬೆನ್ನಿಗಂಟಿ, ಆಮೇಲೆ ಚಳಿ. ರಾತ್ರಿ ಹೆಂಡತಿ ಎದ್ದು ಫ್ಯಾನ್ ಐದಕ್ಕೆ ಏರಿಸುತ್ತಾಳೆ, ಗಂಡ ರಗ್ಗಿನಿಂದ ಕೈ ಚಾಚಿ ಎರಡಕ್ಕೆ ಇಳಿಸುತ್ತಾನೆ. ಎಷ್ಟೋ ಮನೆಗಳಲ್ಲಿ ಈ ಜಗಳದ ಕಾರಣ ಏನೆಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಮಿದುಳಿನ ತಳದಲ್ಲಿ ಮೈಶಾಖ ಕಾಯುವ ಹೈಪೊಥಲಾಮಸ್ ಎಂಬ ಭಾಗವಿದೆ. ಈಸ್ಟ್ರೊಜನ್ ಇಳಿದಾಗ ಅದು ತೀರಾ ಸೂಕ್ಷ್ಮವಾಗಿ, ಒಂದಿಷ್ಟು ಶಾಖ ಹೆಚ್ಚಿದರೂ ರಕ್ತನಾಳ ಹಿಗ್ಗಿಸಿ ಬೆವರು ಹರಿಸುತ್ತದೆ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನ 2015ರಲ್ಲಿ ಹೇಳಿದಂತೆ, ಪದೇಪದೇ ಝಳ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತ ಹೆಚ್ಚು ಕಾಲ ಇತ್ತು. ಏಳು ವರ್ಷ ‘ತಡ್ಕೋ’ ಎನ್ನುವುದು ಬುದ್ಧಿಮಾತಲ್ಲ. ನಿದ್ದೆಗೆಟ್ಟವಳು ಹಗಲು ರೇಗುತ್ತಾಳೆ, ಹೆಸರು ಮರೆಯುತ್ತಾಳೆ, ಆಫೀಸಿನ ಲೆಕ್ಕ ತಪ್ಪುತ್ತಾಳೆ. ಮನೆಯವರು ಅವಳ ಸ್ವಭಾವವೇ ಕೆಟ್ಟಿತು ಎಂದುಕೊಳ್ಳುತ್ತಾರೆ.

ನಿನ್ನ ಅತ್ತೆಯವರ ಮೇಲೆ ಸಿಟ್ಟಾಗಬೇಡ. ಅವರ ಕಾಲಕ್ಕೆ ಮುಟ್ಟು ನಿಂತದ್ದು ಒಂದು ಬಿಡುಗಡೆ: ಹೊರಗೆ ಕೂರುವುದು ತಪ್ಪಿತು, ಮಡಿ ಅಡುಗೆ ಕೈಗೆ ಬಂತು, ಐವತ್ತು ದಾಟಿದರೆ ಇರುಮುಡಿ ಹೊತ್ತು ಶಬರಿಮಲೆಗೂ ಹೋಗಬಹುದಾಯಿತು. ಆ ಸಂತೋಷವನ್ನು ಅವರು ಬಾಯ್ತುಂಬ ಹೇಳಿಕೊಂಡರು. ಬೆವರಿದ ರಾತ್ರಿಗಳ ಮಾತು ಯಾರೂ ಆಡಲಿಲ್ಲ.

ಈಗ ಕತ್ತರಿಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಓದು. ನಮ್ಮದೇ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶ ಸಾಲುಸಾಲಾಗಿ ತೆಗೆದದ್ದು 2015ರಲ್ಲಿ ಬಯಲಾಯಿತು. ಕರ್ನಾಟಕ ಜನಾರೋಗ್ಯ ಚಳವಳಿಯವರು ತಾಂಡಾಗಳಲ್ಲಿ ಓಡಾಡಿ ಮಾಹಿತಿ ಕಲೆಹಾಕಿದರು. ಆ ಹೆಂಗಸರು ಆಸ್ಪತ್ರೆಗೆ ಹೋದದ್ದು ಹೊಟ್ಟೆನೋವು, ಬಿಳಿಮುಟ್ಟು, ಸೊಂಟನೋವು ಎಂದು. ಮಾತ್ರೆಯಲ್ಲಿ ಹೋಗಬಹುದಾಗಿದ್ದ ತೊಂದರೆಗೆ ಸ್ಕ್ಯಾನ್ ಮಾಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ, ಆಪರೇಷನ್ ಟೇಬಲ್ ಹತ್ತಿಸಿದ್ದರು. ಹಲವರಿಗೆ ನಲವತ್ತೂ ಆಗಿರಲಿಲ್ಲ. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ನಮ್ಮ ಬೆಳಗಾವಿ ಸೀಮೆಗೂ ಕಬ್ಬು ಕಡಿಯಲು ಬರುವ ಹೆಂಗಸರದು ಇನ್ನೊಂದು ಕಥೆ. ಮುಟ್ಟಿನ ದಿನ ಕೆಲಸ ತಪ್ಪಿದರೆ ಮುಕಾದಮ (ಕೂಲಿ ಗುತ್ತಿಗೆದಾರ) ದಂಡ ಹಾಕುತ್ತಾನೆಂದು ಅವರಲ್ಲಿ ಎಷ್ಟೋ ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. 2019ರಲ್ಲಿ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಕೊನೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು.

ನೀನು ಓದಿದವಳು, ಬೆಂಗಳೂರಿನಲ್ಲಿದ್ದೀಯ, ತಾಂಡಾದ ಮಾತು ತನಗೇಕೆ ಎನ್ನಬಹುದು. ‘ತೆಗೆಸಿಬಿಡಿ’ ಎನ್ನುವ ಮಾತು ಎರಡೂ ಕಡೆ ಒಂದೇ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಕಾಲ ಮೆಲ್ಲಗೆ ಬರುವುದಿಲ್ಲ, ಆಪರೇಷನ್ ಮುಗಿದ ಒಂದೆರಡು ದಿನದಲ್ಲೇ ಬಂದೆರಗುತ್ತದೆ. ಝಳವೂ ಜೋರು, ಮೂಳೆ ಸವೆತವೂ ಬೇಗ. ಅಂಡಾಶಯ ಉಳಿಸಿದರೂ ಅದು ಕೆಲವು ವರ್ಷ ಮುಂಚೆಯೇ ಕೆಲಸ ನಿಲ್ಲಿಸಬಹುದು. ರಗಳೆ ಇರಲ್ಲ ಎಂದವರು ಈ ಭಾಗ ಹೇಳುವುದನ್ನು ಮರೆತಿರುತ್ತಾರೆ.

ಹಾಗೆಂದು ಆಪರೇಷನ್ನೇ ಬೇಡವೆಂದಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಫೈಬ್ರಾಯ್ಡ್ ಗಡ್ಡೆ ಬೇರೆ ಯಾವುದಕ್ಕೂ ಬಗ್ಗದಿದ್ದರೆ, ಅದೇ ಸರಿಯಾದ ದಾರಿ. ಆದರೆ ಅದಕ್ಕೆ ಮುಂಚೆ ಹಿಮೊಗ್ಲೋಬಿನ್ ನೋಡಿಸು, ಥೈರಾಯ್ಡ್ ನೋಡಿಸು. ಅತಿಸ್ರಾವ, ಸುಸ್ತು, ಮೈತೂಕ, ಎಲ್ಲದಕ್ಕೂ ಥೈರಾಯ್ಡೇ ಕಾರಣವಾಗಿರುವುದುಂಟು. ಒಳಪದರದ ದಪ್ಪ ಎಷ್ಟಿದೆ, ಅದರ ತುಣುಕು ತೆಗೆದು ಬಯಾಪ್ಸಿ ಮಾಡಬೇಕೇ ಎಂದು ಕೇಳು. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಮುಟ್ಟಿನ ದಿನಗಳಲ್ಲಷ್ಟೇ ತೆಗೆದುಕೊಂಡು ಸ್ರಾವ ತಗ್ಗಿಸಿಕೊಂಡವರಿದ್ದಾರೆ. ಪ್ರೊಜೆಸ್ಟರಾನ್ ಮಾತ್ರೆಗಳಿವೆ. ಗರ್ಭಕೋಶದೊಳಗೆ ಕೂತು ದಿನವೂ ಚೂರುಚೂರು ಹಾರ್ಮೋನ್ ಬಿಡುವ ಮಿರೇನಾ ಎಂಬ ಸಾಧನವಿದೆ, ಆಸ್ಪತ್ರೆಯಲ್ಲಿ ಮಲಗದೆಯೇ ಹಾಕಿಸಿಕೊಳ್ಳಬಹುದು. ಫೈಬ್ರಾಯ್ಡ್‌ಗಳೂ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಎರಡು ಮೂರು ವರ್ಷ ಔಷಧಿಯಲ್ಲಿ ದಾಟಿಸಿದರೆ ಎಷ್ಟೋ ಮಂದಿಗೆ ಕತ್ತರಿಯ ಮಾತೇ ಬರುವುದಿಲ್ಲ.

ಝಳ, ಬೆವರು ಹೆಚ್ಚಾದರೆ ಹಾರ್ಮೋನ್ ಚಿಕಿತ್ಸೆಯಷ್ಟು ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ. ಆ ಹೆಸರು ಕೇಳಿದೊಡನೆ ಕ್ಯಾನ್ಸರ್ ಎಂದು ಬೆಚ್ಚುವುದಕ್ಕೂ ಹಿನ್ನೆಲೆಯಿದೆ. 2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಪ್ರಯೋಗದ ಒಂದು ಭಾಗ ಅರ್ಧಕ್ಕೆ ನಿಂತಿತು. ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿತೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು, ಲಕ್ಷಾಂತರ ಮಂದಿ ರಾತ್ರೋರಾತ್ರಿ ಮಾತ್ರೆ ಬಿಟ್ಟರು. ಹೆಚ್ಚಿದ್ದೆಷ್ಟು? ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ 30 ಇದ್ದದ್ದು 38 ಆಗಿತ್ತು. ಭಾಗವಹಿಸಿದವರ ಸರಾಸರಿ ವಯಸ್ಸು 63, ಅಂದರೆ ಮುಟ್ಟು ನಿಂತು ಎಷ್ಟೋ ವರ್ಷವಾದವರು. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡುವ ಆರೋಗ್ಯವಂತರಿಗೆ ಅಪಾಯಕ್ಕಿಂತ ಲಾಭ ಹೆಚ್ಚೆಂಬುದು ಈಗ ತಜ್ಞರು ಬಹುಮಟ್ಟಿಗೆ ಒಪ್ಪಿದ ಮಾತು. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಹೊಡೆದವರು ಇದರಿಂದ ದೂರವಿರಬೇಕು. ಅವರಿಗೆ ಹಾರ್ಮೋನ್ ಅಲ್ಲದ ಔಷಧಿಗಳಿವೆ. ಗರ್ಭಕೋಶ ಇರುವವರು ಈಸ್ಟ್ರೊಜನ್ ಒಂದನ್ನೇ ತೆಗೆದುಕೊಳ್ಳಬಾರದು, ಪ್ರೊಜೆಸ್ಟರಾನ್ ಜೊತೆಗಿರಲೇಬೇಕು. ಮೈಗೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಔಷಧವಂತೂ ಇದಲ್ಲ. ಪಕ್ಕದ ಮನೆಯವರು ಹೇಳುವ ಈವ್ನಿಂಗ್ ಪ್ರಿಮ್‌ರೋಸ್ ಕ್ಯಾಪ್ಸೂಲಿಗೆ ಝಳ ತಗ್ಗುತ್ತದೆಂಬ ಪುರಾವೆ ಇಲ್ಲ, ದುಡ್ಡು ಉಳಿಸಿಕೋ.

ಊಟದ ವಿಷಯದಲ್ಲಿ ನಮ್ಮವರು ಪುಣ್ಯವಂತರು. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ ಹೇಳುತ್ತದೆ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 350 ಸಿಗುತ್ತದೆ. ಅದರ ಮೇಲೆ ಎರಡು ಲೋಟ ಹಾಲೋ ಮಜ್ಜಿಗೆಯೋ, ಸೊಪ್ಪಿನ ಸಾರು, ಒಂದು ಚಮಚ ಎಳ್ಳಿನ ಪುಡಿ. ಬೆಂಗಳೂರಿಗೆ ಹೋದ ಮೇಲೆ ಮುದ್ದೆ ಬಿಟ್ಟೆ ಎಂದು ಹಿಂದೊಮ್ಮೆ ಬರೆದಿದ್ದೆಯಲ್ಲ, ಮತ್ತೆ ಶುರುಮಾಡು. ಬಿಸಿಲು ಕಾಣದವರಲ್ಲಿ ವಿಟಮಿನ್ ಡಿ ಕಡಿಮೆಯಿರುತ್ತದೆ. ಬರೀ ನಡಿಗೆ ಸಾಲದು, ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮೂಳೆಗೂ ಸ್ನಾಯುವಿಗೂ ಬೇಕು.

ಇನ್ನೂ ಎರಡು ಮಾತು, ನಾಚಿಕೆ ಪಡದೆ ಓದಿಕೋ. ಮುಟ್ಟು ತಪ್ಪುತ್ತಿದೆ ಎಂದ ಮಾತ್ರಕ್ಕೆ ಬಸಿರಾಗುವುದಿಲ್ಲ ಎಂದುಕೊಳ್ಳಬೇಡ. ಐವತ್ತರೊಳಗೆ ನಿಂತರೆ ಎರಡು ವರ್ಷ, ಆಮೇಲೆ ನಿಂತರೆ ಒಂದು ವರ್ಷ ಗರ್ಭನಿರೋಧಕ ಬೇಕು. ಮುಂದೆ ಯೋನಿ ಒಣಗಿ ಉರಿ, ಸೇರುವಾಗ ನೋವು, ಮೂತ್ರದ ಸೋಂಕು ಮತ್ತೆಮತ್ತೆ ಬಂದರೆ ಅದಕ್ಕೆಂದೇ ಕಡಿಮೆ ಪ್ರಮಾಣದ ಈಸ್ಟ್ರೊಜನ್ ಕ್ರೀಮ್ ಇದೆ. ಝಳ ಕಾಲಕ್ರಮದಲ್ಲಿ ಇಳಿಯುತ್ತದೆ, ಈ ತೊಂದರೆ ತಾನಾಗಿ ಹೋಗುವುದಿಲ್ಲ. ಆದರೂ ಹೆಂಗಸರು ಡಾಕ್ಟರ ಮುಂದೆ ಬಾಯಿ ಬಿಡದಿರುವುದು ಇದೊಂದರ ಬಗ್ಗೆಯೇ.

ಒಂದು ವರ್ಷ ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ ಸರಿ, ಆ ವಾರವೇ ತೋರಿಸು. ಹತ್ತರಲ್ಲಿ ಒಂಬತ್ತು ಮಂದಿಗೆ ಕಾರಣ ಸಣ್ಣದೇ. ಹತ್ತನೆಯವಳಿಗೆ ಕ್ಯಾನ್ಸರ್ ಇದ್ದರೂ ಬೇಗ ಬಂದರೆ ಬಹುಪಾಲು ಗುಣವಾಗುತ್ತದೆ.

ಈ ಭಾನುವಾರ ಕೂತು ಕಳೆದ ಆರು ತಿಂಗಳ ಮುಟ್ಟಿನ ದಿನಾಂಕ, ಎಷ್ಟು ಪ್ಯಾಡ್, ರಕ್ತದ ಗಡ್ಡೆ ಹೋಯಿತೇ ಇಲ್ಲವೇ ಎಲ್ಲ ಒಂದು ಹಾಳೆಯಲ್ಲಿ ಬರೆ. ಸ್ಕ್ಯಾನ್ ರಿಪೋರ್ಟ್ ಜೊತೆ ಅದನ್ನೂ ಹಿಡಿದು ಬೇರೊಬ್ಬ ಸ್ತ್ರೀರೋಗ ತಜ್ಞರ ಹತ್ತಿರ ಹೋಗು. ಗಂಡನನ್ನೂ ಕರೆದುಕೊಂಡು ಹೋಗು, ಫ್ಯಾನಿನ ಜಗಳ ಅರ್ಧ ಅಲ್ಲೇ ತೀರುತ್ತದೆ. ಆಪರೇಷನ್‌ಗೆ ದಿನ ಗೊತ್ತುಮಾಡಿದ್ದರೆ ಅಷ್ಟರವರೆಗೆ ಮುಂದಕ್ಕೆ ಹಾಕಿಸು. ಆ ತಜ್ಞರು ಏನೆಂದರೆಂದು ಮರೆಯದೆ ಬರೆ.

ಇತಿ,
ನಿನ್ನ ದೊಡ್ಡಮ್ಮ