ರೆಕಾರ್ಡ್ ಅಚ್ಚುಕಟ್ಟು, ಕೈಕೆಲಸ ಸೊನ್ನೆ!

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೀನಿಯರ್‌ಗಳ ಲ್ಯಾಬ್ ರೆಕಾರ್ಡನ್ನೇ ಕಣ್ಣುಮುಚ್ಚಿ ನಕಲು ಮಾಡುತ್ತಾರೆ. ಪರಿಹಾರವೇನು?
– ಉಪನ್ಯಾಸಕಿ

ಉತ್ತರ: ಎಲ್ಲರಿಗೂ ಒಂದೇ ಉತ್ತರ ಬರುವ ಪ್ರಯೋಗವಿದ್ದರೆ ನಕಲು ಸಲೀಸು. ಪ್ರತಿ ತಂಡಕ್ಕೂ ಬೇರೆ ಬೇರೆ ರೆಸಿಸ್ಟರ್ ಕೊಡಿ. ಚಿನ್ನದ ಬಣ್ಣದ ಕೊನೆಪಟ್ಟಿಯಿದ್ದರೆ ಶೇ 5ರಷ್ಟು ಹೆಚ್ಚುಕಡಿಮೆ ಸಹಜ. 1,000 ಓಮ್‌ನದು ಮಲ್ಟಿಮೀಟರಿನಲ್ಲಿ 983 ತೋರಿಸಬಹುದು. ವಿದ್ಯಾರ್ಥಿ ಆ 983ನ್ನೇ ಬರೆಯಲಿ. ಉಳಿದ 17 ಓಮ್ ಎಲ್ಲಿ ಹೋಯಿತೆಂದು ಎರಡು ಸಾಲಿನಲ್ಲಿ ವಿವರಿಸಲಿ. ತಾಂತ್ರಿಕ ಬರವಣಿಗೆಯ ಮೊದಲ ಪಾಠ ಅದೇ.

ಕಂಡದ್ದನ್ನು ಕಂಡಂತೆ ಬರೆಯುವುದಕ್ಕೆ ವಿಜ್ಞಾನಿ ಮೈಕೆಲ್ ಫ್ಯಾರಡೆಯೇ ಮಾದರಿ. ಅವರು 1831ರ ಆಗಸ್ಟ್ 29ರ ಪ್ರಯೋಗದಲ್ಲಿ ಕಬ್ಬಿಣದ ಉಂಗುರ, ತಂತಿಯ ಸುತ್ತು, ಸೂಜಿಯ ಅಲುಗಾಟ ಎಲ್ಲವನ್ನೂ ದಿನಚರಿಯಲ್ಲಿ ದಾಖಲಿಸಿದ್ದರು.

ರೀಡಿಂಗ್‌ಗಳನ್ನು ಪೆನ್ನಿನಲ್ಲೇ ಬರೆಸಿ. ತಪ್ಪಾದರೆ ಅಳಿಸದೆ ಒಂದು ಗೆರೆ ಎಳೆಯಲಿ. ಲ್ಯಾಬ್ ಮುಗಿಯುವ ಮುನ್ನವೇ ಸಹಿ ಹಾಕಿ. ಮನೆಯಲ್ಲಿ ಬರೆದು ತಂದ ರೀಡಿಂಗ್‌ಗೆ ಅಂಕ ಕೊಡಬೇಡಿ.